ಊರು ಬಿಟ್ಟ ಮೇಲೆ ಮುಂದಿನ ದೇಶದ ವೀಸಾ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರ, ಅಂಕೋಲಾ, ಶಿರಸಿ, ಭಟ್ಕಳ ಕಡೆಯವರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಇವು. ಕೆಲವನ್ನು ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲೇ ಕೇಳಿದ್ದಾರೆ. ಕೆಲವು ಬ್ಯಾಂಕಾಕಿನ ಹೋಟೆಲ್ ರೂಮಿನಿಂದ ನಡುರಾತ್ರಿ ವಾಟ್ಸಾಪಿನಲ್ಲಿ ಬಂದಿವೆ. ಉತ್ತರಗಳೆಲ್ಲ ಭಾರತದ ಸಾಮಾನ್ಯ ಪಾಸ್‌ಪೋರ್ಟ್ ಇರುವವರಿಗೆ. ಶುಲ್ಕ, ಅವಧಿ ಇವೆಲ್ಲ ಬದಲಾಗುತ್ತಲೇ ಇರುತ್ತವೆ. ಹಾಗಾಗಿ ಅರ್ಜಿ ಹಾಕುವ ದಿನ ಆ ದೇಶದ ಸರ್ಕಾರಿ ಸೈಟನ್ನು ಒಮ್ಮೆ ನೋಡಿಕೊಳ್ಳಿ.

## ಶುರುವಿಗೆ

ಒಂದು ದೇಶದಲ್ಲಿ ತಿರುಗ್ತಾ ಇರುವಾಗಲೇ ಇನ್ನೊಂದು ದೇಶದ ವೀಸಾಕ್ಕೆ ಅರ್ಜಿ ಹಾಕ್ಬಹುದಾ?

ಕೆಲವಕ್ಕೆ ಹಾಕಬಹುದು, ಕೆಲವಕ್ಕೆ ಆಗುವುದಿಲ್ಲ. ನೀವು ಈಗ ಎಲ್ಲಿದ್ದೀರಿ ಅನ್ನುವುದಕ್ಕಿಂತ ನಿಮ್ಮ ವಾಸ ಎಲ್ಲಿ ಅನ್ನುವುದನ್ನೇ ಹಲವು ದೇಶಗಳು ನೋಡುತ್ತವೆ. ಪ್ರವಾಸಿ ವೀಸಾದಲ್ಲಿ ಮೂರು ವಾರ ಥಾಯ್ಲೆಂಡಿನಲ್ಲಿ ಇದ್ದ ಮಾತ್ರಕ್ಕೆ ನೀವು ಅಲ್ಲಿಯ ನಿವಾಸಿ ಆಗುವುದಿಲ್ಲ, ಲೆಕ್ಕದಲ್ಲಿ ಇನ್ನೂ ಶಿರಸಿಯವರೇ.

ವಿಯೆಟ್ನಾಂ, ಕಾಂಬೋಡಿಯಾ, ಕೀನ್ಯಾದಂಥ ದೇಶಗಳದ್ದು ಆನ್‌ಲೈನ್ ಅನುಮತಿ. ಅದನ್ನು ಎಲ್ಲಿ ಕೂತಾದರೂ ಮಾಡಬಹುದು. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳಿಗೂ ಬೇರೆ ದೇಶದಿಂದ ಅರ್ಜಿ ಹಾಕಬಹುದು, ಆದರೆ ನೀವು ಕಾನೂನು ಪ್ರಕಾರ ಅಲ್ಲಿ ಇದ್ದೀರಿ ಅನ್ನುವುದಕ್ಕೆ ದಾಖಲೆ ಬೇಕು, ಬೆರಳಚ್ಚು ಕೇಳಿದರೆ ಅವರ ವೀಸಾ ಕೇಂದ್ರಕ್ಕೆ ಹೋಗಿ ಕೊಡಬೇಕು. ಶೆಂಗೆನ್ ದೇಶಗಳು (ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ದೇಶಗಳ ಗುಂಪು), ಜಪಾನ್, ಅಮೆರಿಕ ಮಾತ್ರ ನಿಮ್ಮ ವಾಸದ ದೇಶದಲ್ಲೇ ಅರ್ಜಿ ಹಾಕಿ ಅನ್ನುತ್ತವೆ. ಅಮೆರಿಕ ಪೌರತ್ವದ ದೇಶವನ್ನೂ ಒಪ್ಪುತ್ತದೆ. ನಮ್ಮಂಥವರಿಗೆ ಎರಡೂ ಭಾರತವೇ.

ಹಾಗಾದ್ರೆ ಊರಲ್ಲಿದ್ದಾಗಲೇ ಯಾವುದು ಮಾಡಿಸ್ಬೇಕು, ಯಾವುದನ್ನು ದಾರಿಗೆ ಬಿಡಬಹುದು?

ಪಾಸ್‌ಪೋರ್ಟಿನಲ್ಲಿ ಸ್ಟಿಕ್ಕರ್ ಅಂಟಿಸುವ ವೀಸಾ ಎಲ್ಲ ಊರಲ್ಲಿದ್ದಾಗಲೇ ಮುಗಿಸಿ. ಇ-ವೀಸಾಗಳನ್ನು ದಾರಿಗೆ ಬಿಡಿ. ಇದೊಂದು ಸಾಲಿನ ಉತ್ತರ, ನೂರಕ್ಕೆ ತೊಂಬತ್ತು ಮಂದಿಗೆ ಇಷ್ಟು ಸಾಕು.

ಆದರೆ ತಾರೀಕಿನ ಲೆಕ್ಕ ಹಾಕಿಕೊಳ್ಳಬೇಕು. ಶೆಂಗೆನ್ ಅರ್ಜಿಯನ್ನು ಪ್ರಯಾಣದ 6 ತಿಂಗಳಿಗಿಂತ ಮೊದಲು ತೆಗೆದುಕೊಳ್ಳುವುದಿಲ್ಲ, 15 ದಿನಕ್ಕಿಂತ ಕಡಿಮೆ ಉಳಿದಿದ್ದರೂ ತಡವಾಯಿತು ಅಂತಲೇ ಲೆಕ್ಕ. ಬ್ರಿಟನ್ನಿಗೆ 3 ತಿಂಗಳು ಮೊದಲು. ಅಂದರೆ ನೀವು ಮೊದಲು ಎರಡು ತಿಂಗಳು ಆಗ್ನೇಯ ಏಷ್ಯಾ ಸುತ್ತಿ ಆಮೇಲೆ ಯುರೋಪಿಗೆ ಹೋಗುವುದಾದರೂ ಚಿಂತೆ ಇಲ್ಲ, ಯುರೋಪಿನ ವೀಸಾವನ್ನು ಮುಂದಿನ ತಾರೀಕಿಗೆ ಬೆಂಗಳೂರಿನಲ್ಲೇ ಮಾಡಿಸಿಕೊಂಡು ಹೊರಡಬಹುದು. ಎಂಟು ಹತ್ತು ತಿಂಗಳು ತಿರುಗುವವರಿಗೆ ಮಾತ್ರ ಇದು ತಲೆನೋವು. ಅಂಥವರು ಯುರೋಪನ್ನು ಮೊದಲು ಮುಗಿಸಿಕೊಂಡು ಪೂರ್ವಕ್ಕೆ ಬನ್ನಿ ಅನ್ನುವುದು ನನ್ನ ಸಲಹೆ.

ಇ-ವೀಸಾ, ವೀಸಾ ಆನ್ ಅರೈವಲ್, ಇಟಿಎ ಎಲ್ಲ ಒಂದೇ ಅಲ್ವಾ?

ಅಲ್ಲ. ಇ-ವೀಸಾ ಮತ್ತು ಇಟಿಎ (ವೀಸಾ ಬದಲು ಆನ್‌ಲೈನಿನಲ್ಲಿ ಕೊಡುವ ಪ್ರಯಾಣ ಅನುಮತಿ) ವಿಮಾನ ಹತ್ತುವ ಮೊದಲೇ ಕೈಯಲ್ಲಿರಬೇಕು. ವೀಸಾ ಆನ್ ಅರೈವಲ್ ಅಂದರೆ ಇಳಿದ ಮೇಲೆ ಕೌಂಟರಿನಲ್ಲಿ ದುಡ್ಡು ಕಟ್ಟಿ ಪಡೆಯುವುದು. ಇಂಡೋನೇಷ್ಯಾದಲ್ಲಿ ಅದು 5 ಲಕ್ಷ ರುಪಯ್ಯಾ (ಅಲ್ಲಿಯ ದುಡ್ಡು, ನಮ್ಮ ರೂಪಾಯಿ ಅಲ್ಲ), 30 ದಿನಕ್ಕೆ, ಒಮ್ಮೆ ಇನ್ನೂ 30 ದಿನ ಮುಂದುವರಿಸಬಹುದು. ಬೇಕಾದರೆ ಅದನ್ನೇ ಮೊದಲೇ ಆನ್‌ಲೈನಿನಲ್ಲೂ ಕಟ್ಟಬಹುದು.

ಇನ್ನೊಂದು ಜಾತಿ ಇದೆ, ಜನ ಅದನ್ನು ಮರೆತು ಸಿಕ್ಕಿಬೀಳುತ್ತಾರೆ. ವೀಸಾ ಬೇಡ, ಆದರೆ ನೋಂದಣಿ ಬೇಕು. ಹಾಂಗ್‌ಕಾಂಗ್ ಭಾರತೀಯರಿಗೆ 14 ದಿನ ಬಿಡುತ್ತದೆ, ಆದರೆ ಆನ್‌ಲೈನ್ ಪೂರ್ವ ನೋಂದಣಿ ಮಾಡಿ ಅದರ ಚೀಟಿ ಪ್ರಿಂಟ್ ಇಟ್ಟುಕೊಳ್ಳಬೇಕು. ಥಾಯ್ಲೆಂಡ್ 2025ರ ಮೇ 1ರಿಂದ ಎಲ್ಲರಿಗೂ ಡಿಜಿಟಲ್ ಆಗಮನ ಕಾರ್ಡ್ ಕಡ್ಡಾಯ ಮಾಡಿದೆ. ಇವೆರಡಕ್ಕೂ ಶುಲ್ಕ ಇಲ್ಲ.

ವಿಯೆಟ್ನಾಂ ವೀಸಾ ಬ್ಯಾಂಕಾಕಿನಲ್ಲಿ ಕೂತು ಮಾಡಿದ್ರೆ ನಡಿಯತ್ತಾ?

ಆರಾಮಾಗಿ ನಡೆಯುತ್ತದೆ. 2023ರ ಆಗಸ್ಟ್ 15ರಿಂದ ಎಲ್ಲ ದೇಶದವರಿಗೂ 90 ದಿನದ ಇ-ವೀಸಾ ಕೊಡುತ್ತಿದ್ದಾರೆ. ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50. ಕೆಲಸದ ದಿನ ಮೂರು ಅಂತ ಬರೆದಿರುತ್ತದೆ, ನೀವು ಒಂದು ವಾರ ಇಟ್ಟುಕೊಳ್ಳಿ. ಶನಿವಾರ ಭಾನುವಾರ ಲೆಕ್ಕಕ್ಕಿಲ್ಲ. ಅವರ ಹೊಸ ವರ್ಷ ತೆತ್ ಬಂತೆಂದರೆ ಕಚೇರಿಗಳು ದಿನಗಟ್ಟಲೆ ಮುಚ್ಚಿರುತ್ತವೆ.

ಫಾರ್ಮಿನಲ್ಲಿ ಯಾವ ಗೇಟಿನಿಂದ ಒಳಗೆ ಬರುತ್ತೀರಿ ಅಂತ ಒಂದು ಕಾಲಂ ಇದೆ. ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಕುಮಟಾದ ಹುಡುಗನೊಬ್ಬ ಹೋ ಚಿ ಮಿನ್ಹ್ ನಗರದ ವಿಮಾನ ನಿಲ್ದಾಣ ಅಂತ ಹಾಕಿದ್ದ, ಆಮೇಲೆ ಟಿಕೆಟ್ ದುಬಾರಿ ಅಂತ ನೋಮ್ ಪೆನ್‌ನಿಂದ ಬಸ್ ಹತ್ತಿದ. ಮೊಕ್ ಬಾಯ್ ಗಡಿಯಲ್ಲಿ ಬಸ್ಸಿನವರು ಎಲ್ಲರ ಪಾಸ್‌ಪೋರ್ಟ್ ಒಟ್ಟುಮಾಡಿ ಒಳಗೆ ಕೊಟ್ಟರು. ಉಳಿದವರದ್ದೆಲ್ಲ ಮುದ್ರೆ ಒತ್ತಿ ಹೊರಗೆ ಬಂತು, ಇವನದ್ದು ಮಾತ್ರ ಮೇಜಿನ ಬದಿಗೆ ಸರಿಯಿತು. ಅಧಿಕಾರಿ ಇ-ವೀಸಾ ಪ್ರಿಂಟಿನಲ್ಲಿ ಆ ನಿಲ್ದಾಣದ ಹೆಸರಿನ ಮೇಲೆ ಪೆನ್ನಿನಿಂದ ಎರಡು ಸಲ ಕುಟ್ಟಿ ತೋರಿಸಿ ಕಾಂಬೋಡಿಯಾ ಕಡೆ ಕೈ ಮಾಡಿದ. ಬಸ್ಸು ಇವನ ಬ್ಯಾಗ್ ಇಳಿಸಿ ಹೊರಟೇ ಹೋಯಿತು. ಕಾಂಬೋಡಿಯಾದಿಂದ ಹೊರಗೆ ಬಂದ ಮುದ್ರೆ ಆಗಲೇ ಬಿದ್ದಿತ್ತಲ್ಲ, ಹಾಗಾಗಿ ವಾಪಸು ಒಳಗೆ ಹೋಗಲು ಅಲ್ಲಿ ಮತ್ತೆ 30 ಡಾಲರ್ ಕೊಟ್ಟು ಹೊಸ ವೀಸಾ. ಮಾರ್ಗ ಗಟ್ಟಿಯಾಗುವ ತನಕ ಅರ್ಜಿ ಹಾಕಬೇಡಿ ಮಾರಾಯ್ರೇ.

ಏಜೆಂಟರಿಗೆ ಕೊಟ್ರೆ ಸುಲಭ ಅಲ್ವಾ?

ಶೆಂಗೆನ್ ಫೈಲ್ ಜೋಡಿಸುವುದಕ್ಕೆ ಒಳ್ಳೆಯ ಏಜೆಂಟ್ ಸಿಕ್ಕರೆ ಉಪಯೋಗ ಇದೆ. ಇ-ವೀಸಾಕ್ಕೆ ಸುಮ್ನೆ ದುಡ್ಡು ದಂಡ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಸರ್ಕಾರಿ ಸೈಟಿನಂತೆಯೇ ಕಾಣುವ ಖಾಸಗಿ ಸೈಟುಗಳು. ಹುಡುಕಿದಾಗ ಜಾಹೀರಾತಿನಲ್ಲಿ ಮೊದಲು ಬರುವುದೇ ಅವು. ಶುಲ್ಕವೇ ಇಲ್ಲದ ಥಾಯ್ಲೆಂಡ್ ಕಾರ್ಡಿಗೂ ದುಡ್ಡು ಕೀಳುತ್ತವೆ. ವಿಳಾಸದ ಕೊನೆ ನೋಡಿ. ವಿಯೆಟ್ನಾಂದು ಗವ್ ಡಾಟ್ ವಿಎನ್ ಅಂತ ಮುಗಿಯಬೇಕು. ಡಾಟ್ ಕಾಮ್ ಅಂತಿದ್ದರೆ ಹಿಂದೆ ಬನ್ನಿ.

## ಕಾಗದ, ದುಡ್ಡು, ಪಾಸ್‌ಪೋರ್ಟ್

ಒಟಿಪಿ ಬರ್ತಾ ಇಲ್ಲ, ಶುಲ್ಕ ಕಟ್ಟೋಕೆ ಆಗ್ತಾ ಇಲ್ಲ, ಏನು ಮಾಡೋದು?

ವೀಸಾ ತಿರಸ್ಕಾರ ಆದವರಿಗಿಂತ ಇಲ್ಲಿ ಸಿಕ್ಕಿಬಿದ್ದವರೇ ಜಾಸ್ತಿ. ಅಲ್ಲಿಯ ಸಿಮ್ ಹಾಕಿಕೊಂಡು ಊರಿನ ಸಿಮ್ಮನ್ನು ಪರ್ಸಿನಲ್ಲಿ ಇಟ್ಟಿರುತ್ತಾರೆ, ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ಹೊರಡುವ ಮೊದಲೇ ಊರಿನ ಸಿಮ್ಮಿಗೆ ಅಂತಾರಾಷ್ಟ್ರೀಯ ರೋಮಿಂಗ್ ಚಾಲೂ ಮಾಡಿಸಿ. ಹೊರಗೆ ಹೋದ ಮೇಲೆ ಅದನ್ನು ಚಾಲೂ ಮಾಡಿಸುವುದು ದೊಡ್ಡ ಸರ್ಕಸ್ಸು.

ಕಾರ್ಡಿನದು ಬೇರೆ ಕಥೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2020ರ ಮಾರ್ಚ್ 16ರಿಂದ ಹೊಸ ಕಾರ್ಡುಗಳಲ್ಲಿ ವಿದೇಶಿ ವ್ಯವಹಾರ ಬಂದ್ ಆಗಿಯೇ ಬರುತ್ತದೆ, ನಾವೇ ಆ್ಯಪಿಗೆ ಹೋಗಿ ತೆರೆಯಬೇಕು. ಆನ್‌ಲೈನ್, ಎಟಿಎಂ, ಅಂಗಡಿ ಮೂರಕ್ಕೂ ಬೇರೆ ಬೇರೆ ಗುಂಡಿ ಇರುತ್ತವೆ, ಮೂರನ್ನೂ ನೋಡಿ. ರುಪೇ ಕಾರ್ಡ್ ಒಂದನ್ನೇ ನಂಬಬೇಡಿ. ಹಲವು ವೀಸಾ ಸೈಟುಗಳಲ್ಲಿ ಅದು ನಡೆಯುವುದಿಲ್ಲ, ಯುಪಿಐ ಕೂಡ ಇಲ್ಲ. ಬೇರೆ ಬೇರೆ ಬ್ಯಾಂಕಿನ ಎರಡು ಕಾರ್ಡ್ ಇರಲಿ, ಒಂದಾದರೂ ಮಾಸ್ಟರ್‌ಕಾರ್ಡ್ ಅಥವಾ ವೀಸಾ ಕಂಪನಿಯದ್ದಾಗಿರಲಿ.

ನಮ್ಮದು ಅಡಿಕೆ ತೋಟ. ಸಂಬಳದ ಚೀಟಿ ಇಲ್ಲ, ಕಂಪನಿ ಪತ್ರ ಇಲ್ಲ. ಆದಾಯ ಹೇಗೆ ತೋರಿಸೋದು?

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರ ಮೊದಲ ಪ್ರಶ್ನೆ ಇದೇ. ತೋಟ ಇರುವುದು ನಿಜವಾಗಿ ಒಳ್ಳೆಯದೇ. ಊರಿಗೆ ವಾಪಸು ಬರಲು ನಿಮಗೆ ಕಾರಣ ಇದೆ ಅನ್ನುವುದನ್ನು ವೀಸಾ ಅಧಿಕಾರಿ ಹುಡುಕುತ್ತಿರುತ್ತಾನೆ, ಭೂಮಿಗಿಂತ ಗಟ್ಟಿ ಕಾರಣ ಏನಿದೆ? ಆದರೆ ಅದನ್ನು ಅವನಿಗೆ ಓದಲು ಬರುವ ಹಾಗೆ ಕೊಡಬೇಕು. ಪಹಣಿ ಕನ್ನಡದಲ್ಲಿರುತ್ತದೆ. ಇಂಗ್ಲಿಷಿಗೆ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿ, ಮೂಲದ ಜೊತೆ ಪಿನ್ ಮಾಡಿ.

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ ನಿಜ. ಹಾಗಂತ ರಿಟರ್ನ್ ಹಾಕದೇ ಕೂತರೆ ವೀಸಾ ಕಚೇರಿಗೆ ತೋರಿಸಲು ಏನೂ ಇರುವುದಿಲ್ಲ. ರಿಟರ್ನ್ ಹಾಕಿ, ಕೃಷಿ ಆದಾಯವನ್ನು ವಿನಾಯಿತಿ ಆದಾಯ ಅಂತ ತೋರಿಸಿ. ಅದು ವರ್ಷಕ್ಕೆ 5,000 ರೂಪಾಯಿ ದಾಟಿದರೆ ಐಟಿಆರ್-1 ನಡೆಯುವುದಿಲ್ಲ, ಸಾಮಾನ್ಯವಾಗಿ ಐಟಿಆರ್-2 ಬೇಕು. ನಿಮ್ಮ ಆಡಿಟರಿಗೆ ಗೊತ್ತಿರುತ್ತದೆ.

ಇನ್ನು ಬ್ಯಾಂಕ್ ಸ್ಟೇಟ್‌ಮೆಂಟ್. ಸಂಬಳದವರ ಖಾತೆಗೆ ತಿಂಗಳು ತಿಂಗಳು ದುಡ್ಡು ಬೀಳುತ್ತದೆ. ನಮ್ಮಲ್ಲಿ ವರ್ಷವಿಡೀ ಗೊಬ್ಬರ, ಅಡಿಕೆ ಕೊನೆ ಕೊಯ್ಲಿನ ಕೂಲಿ ಅಂತ ಹೋಗುತ್ತಲೇ ಇರುತ್ತದೆ, ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಿದ ದಿನ ಏಳೆಂಟು ಲಕ್ಷ ಒಂದೇ ಏಟಿಗೆ ಬರುತ್ತದೆ. ಹೊರಗಿನವನಿಗೆ ಅದು ಯಾರಿಂದಲೋ ಸಾಲ ತಂದು ಹಾಕಿದಂತೆ ಕಾಣುತ್ತದೆ. ಆ ಸಾಲಿನ ಪಕ್ಕ ಪೆನ್ಸಿಲಿನಲ್ಲಿ 1 ಅಂತ ಗುರುತು ಹಾಕಿ. ಸೊಸೈಟಿಯ ಮಾರಾಟದ ಬಿಲ್ಲಿಗೂ ಅದೇ 1 ಹಾಕಿ. ಕವರಿಂಗ್ ಪತ್ರದಲ್ಲಿ 'ವರ್ಷದ ಬೆಳೆ ಮಾರಾಟ, ಗುರುತು 1' ಅಂತ ಒಂದು ಸಾಲು ಬರೆಯಿರಿ. ದುಡ್ಡು ಸೊಸೈಟಿ ಖಾತೆಯಲ್ಲೇ ಇದ್ದರೆ ಬರೀ ಆ ಪಾಸ್‌ಬುಕ್ ಕೊಡಬೇಡಿ. ಆರು ತಿಂಗಳು ಮೊದಲಿಂದಲೇ ಬ್ಯಾಂಕ್ ಖಾತೆಯಲ್ಲಿ ವ್ಯವಹಾರ ಮಾಡುತ್ತಾ ಬನ್ನಿ.

ಊರಿಂದ ಹೊರಡುವಾಗಲೇ ಏನೇನು ಒಯ್ಯಬೇಕು? ಮತ್ತೆ ಅಮ್ಮನ ಹತ್ರ ಕಳಿಸು ಅನ್ನೋದು ಬೇಡ ಅಂತ.

ಬ್ಯಾಂಕ್ ಸೀಲು ಹಾಕಿದ ಆರು ತಿಂಗಳ ಸ್ಟೇಟ್‌ಮೆಂಟ್, ಮೂರು ವರ್ಷದ ರಿಟರ್ನ್, ಮದುವೆ ಪ್ರಮಾಣಪತ್ರ, ಮಕ್ಕಳಿದ್ದರೆ ಜನನ ಪ್ರಮಾಣಪತ್ರ, ಕೆಲಸದವರಾದರೆ ರಜೆ ಪತ್ರ. ಎಲ್ಲದರ ಪಿಡಿಎಫ್ ಇಮೇಲಿನಲ್ಲೂ ಇರಲಿ. ಹಳೆಯ ಪಾಸ್‌ಪೋರ್ಟ್ ಇದ್ದರೆ ಅದನ್ನೂ ಒಯ್ಯಿರಿ. ಸ್ಟೇಟ್‌ಮೆಂಟ್ ಹಳತಾಗುತ್ತದೆ, ಅರ್ಜಿ ಹಾಕುವಾಗ ಹೊಸದು ಕೇಳುತ್ತಾರೆ. ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ನೆನಪಿರಲಿ.

ಫೋಟೋ ಒಂದೇ ಅಳತೆ ಅಲ್ಲ. ಶೆಂಗೆನ್‌ಗೆ 35 × 45 ಮಿಲಿಮೀಟರ್, ಅಮೆರಿಕಕ್ಕೆ 2 × 2 ಇಂಚು. ಎರಡೂ ಅಳತೆಯಲ್ಲಿ ಕೆಲವು ತೆಗೆಸಿ ಇಟ್ಟುಕೊಳ್ಳಿ. ಸ್ಟುಡಿಯೋದವರು ಮುಖ ಬೆಳ್ಳಗೆ ಮಾಡಿ ಕೊಡುತ್ತಾರೆ, ಹಾಗೆ ಮಾಡಬೇಡಿ ಅಂತ ಮೊದಲೇ ಹೇಳಿ.

ಪಾಸ್‌ಪೋರ್ಟಿನಲ್ಲಿ ನನ್ನ ಸರ್‌ನೇಮ್ ಕಾಲಂ ಖಾಲಿ ಇದೆ. ತೊಂದ್ರೆ ಆಗತ್ತಾ?

ಆಗುತ್ತದೆ. ಹೆಗಡೆ, ಭಟ್, ನಾಯ್ಕ, ಗೌಡ ಅಂತ ಊರಿಗೆಲ್ಲ ಗೊತ್ತಿರುತ್ತದೆ, ಪಾಸ್‌ಪೋರ್ಟಿನಲ್ಲಿ ಮಾತ್ರ ಹೆಸರು ಒಂದೇ. ಯುಎಇ 2022ರ ನವೆಂಬರಿನಿಂದ ಒಂದೇ ಪದದ ಹೆಸರಿನವರಿಗೆ ವಿಸಿಟ್ ವೀಸಾ ಕೊಡುವುದನ್ನು ನಿಲ್ಲಿಸಿದೆ. ಕೆಲವು ಇ-ವೀಸಾ ಫಾರ್ಮುಗಳಲ್ಲಿ ಆ ಕಾಲಂ ಖಾಲಿ ಬಿಟ್ಟರೆ ಮುಂದೆ ಹೋಗುವುದೇ ಇಲ್ಲ. ಊರಲ್ಲಿದ್ದಾಗಲೇ ಪಾಸ್‌ಪೋರ್ಟ್ ಮರು ವಿತರಣೆಗೆ ಹಾಕಿ ಸರ್‌ನೇಮ್ ಸೇರಿಸಿಕೊಳ್ಳಿ. ಹಾಗೆಯೇ 36 ಪುಟದ ಬದಲು 60 ಪುಟದ್ದು ಕೇಳಿ. ಭಾರತದಲ್ಲಿ ಶುಲ್ಕ 1,500ರ ಬದಲು 2,000 ಅಷ್ಟೇ. ಶೆಂಗೆನ್‌ಗೆ ಎರಡು ಖಾಲಿ ಪುಟ ಬೇಕು, ವಾಪಸು ಹೊರಡುವ ದಿನದ ಆಚೆಗೆ 3 ತಿಂಗಳ ಅವಧಿ ಉಳಿದಿರಬೇಕು. ಹಲವು ಏಷ್ಯಾ ದೇಶಗಳು 6 ತಿಂಗಳು ಕೇಳುತ್ತವೆ.

## ದಾರಿಯಲ್ಲಿ ಬರುವ ತೊಡಕು

ಪಾಸ್‌ಪೋರ್ಟ್ ವೀಸಾ ಕೇಂದ್ರಕ್ಕೆ ಕೊಟ್ಟ ಮೇಲೆ ಹೋಟೆಲಿಗೆ ಏನು ತೋರಿಸೋದು?

ಫೋಟೋ ಇರುವ ಪುಟ, ಈಗಿರುವ ದೇಶದ ವೀಸಾ ಅಥವಾ ಪ್ರವೇಶ ಮುದ್ರೆ, ಈ ಎರಡರ ಜೆರಾಕ್ಸ್ ಮತ್ತು ವೀಸಾ ಕೇಂದ್ರದ ರಸೀದಿ. ಪಾಸ್‌ಪೋರ್ಟ್ ಕೊಡುವ ಮೊದಲೇ ಆ ಊರಿನ ಹೋಟೆಲಿನಲ್ಲಿ ಅಷ್ಟೂ ದಿನಕ್ಕೆ ಬುಕ್ ಮಾಡಿಕೊಂಡರೆ ಈ ಪ್ರಶ್ನೆಯೇ ಬರುವುದಿಲ್ಲ. ಆ ದಿನಗಳಲ್ಲಿ ವಿಮಾನ ಹತ್ತಲು ಆಗುವುದಿಲ್ಲ, ದೇಶದೊಳಗಿನ ವಿಮಾನವೂ ಕಷ್ಟ. ಬ್ರಿಟನ್ ಅರ್ಜಿಗೆ ಕೆಲವು ಕೇಂದ್ರಗಳಲ್ಲಿ ಹೆಚ್ಚು ದುಡ್ಡು ಕೊಟ್ಟರೆ ಪಾಸ್‌ಪೋರ್ಟ್ ನಿಮ್ಮ ಹತ್ತಿರವೇ ಬಿಡುತ್ತಾರೆ. ಕೆನಡಾದವರು ಮಂಜೂರಾದ ಮೇಲೆಯೇ ಪಾಸ್‌ಪೋರ್ಟ್ ಕೇಳುವುದು. ಪ್ರಯಾಣದಲ್ಲಿ ಇರುವವರಿಗೆ ಇದು ದೊಡ್ಡ ಅನುಕೂಲ.

ವೀಸಾ ಬರುವುದರೊಳಗೆ ನಾನಿರುವ ದೇಶದ ಅವಧಿ ಮುಗಿದ್ರೆ?

ಮುಗಿಯಲು ಬಿಡಬೇಡಿ. 'ಪಾಸ್‌ಪೋರ್ಟ್ ರಾಯಭಾರ ಕಚೇರಿಯಲ್ಲಿತ್ತು' ಅನ್ನುವ ಕಾರಣ ವಲಸೆ ಅಧಿಕಾರಿಗೆ ಕಾರಣವೇ ಅಲ್ಲ. ಥಾಯ್ಲೆಂಡಿನಲ್ಲಿ ದಿನಕ್ಕೆ 500 ಬಾತ್ ದಂಡ, 20,000ದವರೆಗೆ ಏರುತ್ತದೆ. ಇಂಡೋನೇಷ್ಯಾದಲ್ಲಿ ದಿನಕ್ಕೆ 10 ಲಕ್ಷ ರುಪಯ್ಯಾ. ದುಬೈಯಲ್ಲಿ ದಿನಕ್ಕೆ 50 ದಿರ್ಹಂ. ದಂಡ ಕಟ್ಟಿದರೂ ದಾಖಲೆ ಉಳಿಯುತ್ತದೆ, ಮುಂದಿನ ಅರ್ಜಿಯಲ್ಲಿ ಅದನ್ನು ಬರೆಯಬೇಕಾಗುತ್ತದೆ.

ಶೆಂಗೆನ್ ನಿರ್ಧಾರಕ್ಕೆ 15 ದಿನ, ತಕರಾರಿದ್ದರೆ 45 ದಿನದವರೆಗೆ ಹೋಗಬಹುದು. ಬ್ರಿಟನ್ನಿಗೆ ಸಾಮಾನ್ಯವಾಗಿ ಮೂರು ವಾರ. ನಿಮಗೆ ಅಲ್ಲಿ ಉಳಿದಿರುವ ದಿನ ಇದಕ್ಕಿಂತ ಕಡಿಮೆ ಇದ್ದರೆ ಅರ್ಜಿ ಹಾಕದೇ ಇರುವುದೇ ಒಳ್ಳೆಯದು. ಗೋಕರ್ಣಕ್ಕೆ ಬರುವ ವಿದೇಶಿಯರು ತಮ್ಮ ವೀಸಾದ ದಿನ ಬೆರಳೆಣಿಕೆಯಲ್ಲಿ ಇಟ್ಟುಕೊಂಡು ಸರಿಯಾದ ಹೊತ್ತಿಗೆ ಶ್ರೀಲಂಕಾಕ್ಕೋ ನೇಪಾಳಕ್ಕೋ ಹೊರಡುತ್ತಾರೆ, ನೋಡಿರುತ್ತೀರಿ. ನಾವು ಹೋದಾಗ ಆ ಲೆಕ್ಕ ಮರೆಯುವುದು ಯಾಕೋ ಗೊತ್ತಿಲ್ಲ.

ಮಗ ದುಬೈಯಲ್ಲಿದ್ದಾನೆ. ನಾವು ವಿಸಿಟ್ ವೀಸಾದಲ್ಲಿ ಬಂದಿದ್ದೇವೆ. ಅವನ ಜೊತೆ ಇಲ್ಲಿಂದಲೇ ಯುರೋಪಿಗೆ ಹಾಕ್ಬಹುದಾ?

ಭಟ್ಕಳ, ಹೊನ್ನಾವರ ಕಡೆಯಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಮಗ ಹಾಕಬಹುದು. ಅವನಿಗೆ ಅಲ್ಲಿಯ ವಾಸದ ಪರವಾನಗಿ ಇದೆ, ಪ್ರವಾಸ ಮುಗಿದ ಮೇಲೂ ಅದರ ಅವಧಿ ಕನಿಷ್ಠ ಮೂರು ತಿಂಗಳು ಇರುವ ಹಾಗೆ ನೋಡಿಕೊಂಡರೆ ಆಯಿತು. ಅಪ್ಪ ಅಮ್ಮ ವಿಸಿಟ್ ವೀಸಾದವರು, ಅವರಿಗೆ ಅಲ್ಲಿ ವಾಸ ಇಲ್ಲ. ಕೌಂಟರಿನಲ್ಲೇ ವಾಪಸು ಕಳಿಸುವ ಸಾಧ್ಯತೆ ಹೆಚ್ಚು. ಹಿರಿಯರದ್ದನ್ನು ಬೆಂಗಳೂರಿನಲ್ಲಿ ಅಥವಾ ನಿಮಗೆ ಹತ್ತಿರವಾಗುವ ಭಾರತದ ಕೇಂದ್ರದಲ್ಲಿ ಮೊದಲೇ ಮಾಡಿಸಿ, ಮಗನ ಅರ್ಜಿಯ ಪ್ರತಿ, ಒಂದೇ ಹೋಟೆಲ್ ಬುಕಿಂಗ್, ಒಂದೇ ವಿಮಾನ ತೋರಿಸಿ. ದುಬೈಯಲ್ಲಿ ಎಲ್ಲರೂ ಸೇರಿಕೊಂಡು ಹೊರಡಬಹುದು.

ಮಗಳ ಬಾಣಂತನಕ್ಕೆ ಲಂಡನ್ನಿಗೆ ಬಂದಿದ್ದೇನೆ. ಪ್ಯಾರಿಸ್ ಇಲ್ಲೇ ಪಕ್ಕ ಅಂತಾರೆ. ಇಲ್ಲಿಂದ ವೀಸಾ ಸಿಗತ್ತಾ?

ರೈಲಿನಲ್ಲಿ ಎರಡೂಕಾಲು ಗಂಟೆ ಅಷ್ಟೇ, ಅದಕ್ಕೇ ಹೊಟ್ಟೆ ಉರಿಯುವುದು. ಲಂಡನ್ನಿನ ಶೆಂಗೆನ್ ಕೇಂದ್ರಗಳು ಬ್ರಿಟನ್ನಿನಲ್ಲಿ ವಾಸದ ಪರವಾನಗಿ ಕೇಳುತ್ತವೆ, ಭೇಟಿ ವೀಸಾ ಸಾಲುವುದಿಲ್ಲ. ಊರಿಂದ ಹೊರಡುವ ಮೊದಲೇ ಶೆಂಗೆನ್ ಮಾಡಿಸಬೇಕಿತ್ತು. ಇನ್ನೂ ಹೊರಡದವರು ಇದನ್ನು ಓದುತ್ತಿದ್ದರೆ ಬ್ರಿಟನ್ ವೀಸಾ ಬಂದ ಕೂಡಲೇ ಶೆಂಗೆನ್‌ಗೆ ಹಾಕಿ.

ಅಮೆರಿಕ ವೀಸಾಕ್ಕೆ ಇಲ್ಲಿ ಕ್ಯೂ ಉದ್ದ. ಬ್ಯಾಂಕಾಕಿನಲ್ಲಿ ಬೇಗ ಸಿಗತ್ತಂತೆ, ಹೌದಾ?

ಮೊದಲು ಹಾಗಿತ್ತು, ತುಂಬಾ ಜನ ಹೋಗಿ ಮಾಡಿಸಿಕೊಂಡೂ ಬಂದರು. 2025ರ ಸೆಪ್ಟೆಂಬರ್ 6ರಿಂದ ಅಮೆರಿಕದ ವಿದೇಶಾಂಗ ಇಲಾಖೆ ನಿಯಮ ಬಿಗಿ ಮಾಡಿದೆ. ಪೌರತ್ವದ ದೇಶದಲ್ಲಿ ಅಥವಾ ವಾಸದ ದೇಶದಲ್ಲೇ ಸಂದರ್ಶನ ಕೊಡಬೇಕು. ಬೇರೆ ಕಡೆ ಬುಕ್ ಮಾಡಿದರೆ ವೀಸಾ ಸಿಗುವುದು ಕಷ್ಟ, ಕಟ್ಟಿದ 185 ಡಾಲರ್ ವಾಪಸು ಬರುವುದಿಲ್ಲ, ಆ ಶುಲ್ಕವನ್ನು ಇನ್ನೊಂದು ದೇಶಕ್ಕೆ ವರ್ಗಾಯಿಸಲೂ ಆಗುವುದಿಲ್ಲ. ಚೆನ್ನೈ, ಹೈದರಾಬಾದ್, ಮುಂಬೈ ಎಲ್ಲಿ ತಾರೀಕು ಸಿಕ್ಕಿತೋ ಅಲ್ಲಿ ಹಿಡಿಯಿರಿ, ಆಮೇಲೆ ಮೊದಲಿನ ತಾರೀಕು ಬಿಡುಗಡೆಯಾದರೆ ಬದಲಿಸಿಕೊಳ್ಳಿ. ಬ್ಯಾಂಕಾಕ್ ಪ್ಯಾಕೇಜ್ ಅಂತ ಈಗಲೂ ಮಾರುವವರು ಸಿಗುತ್ತಾರೆ, ಅವರಿಗೆ ದುಡ್ಡು ಕೊಡಬೇಡಿ.

## ಇನ್ನೂ ಸ್ವಲ್ಪ ಒಳಗಿನ ಪ್ರಶ್ನೆಗಳು

ವಾಸ ಇಲ್ಲದ ದೇಶದಿಂದ ಶೆಂಗೆನ್ ಅರ್ಜಿ ಹಾಕಲು ಒಂದು ದಾರಿಯೂ ಇಲ್ವಾ?

ಇದೆ. ಕಿರಿದಾಗಿದೆ. ಶೆಂಗೆನ್ ವೀಸಾ ಸಂಹಿತೆಯ 6ನೇ ವಿಧಿ ನೋಡಿ. ಅಲ್ಲಿ ವಾಸ ಇಲ್ಲದಿದ್ದರೂ ಕಾನೂನು ಪ್ರಕಾರ ಇರುವವರ ಅರ್ಜಿಯನ್ನು, ಇಲ್ಲೇ ಯಾಕೆ ಹಾಕುತ್ತಿದ್ದೀರಿ ಅನ್ನುವುದಕ್ಕೆ ಅವರು ಸಮರ್ಥನೆ ಕೊಟ್ಟರೆ, ಕಚೇರಿ ಪರಿಶೀಲಿಸಬೇಕು ಅಂತಿದೆ. 'ಊರಿಗೆ ಹೋಗಲು ಬೇಜಾರು' ಸಮರ್ಥನೆ ಅಲ್ಲ. ಊರು ಬಿಟ್ಟು ಆರು ತಿಂಗಳ ಮೇಲಾಗಿದೆ, ಹೊರಡುವಾಗ ಅರ್ಜಿ ಹಾಕುವ ಅವಧಿಯೇ ತೆರೆದಿರಲಿಲ್ಲ, ಇಲ್ಲಿ ನೋಡಿ ಮುದ್ರೆಗಳು ಅಂತ ತೋರಿಸಿದರೆ ಅದು ಮಾತು.

ನೇರ ವೀಸಾ ಕೇಂದ್ರಕ್ಕೆ ಹೋದರೆ ಅಲ್ಲಿಯ ಸಿಬ್ಬಂದಿ ಪಟ್ಟಿ ನೋಡಿ ಇಲ್ಲ ಅನ್ನುತ್ತಾರೆ, ನಿರ್ಧರಿಸುವ ಅಧಿಕಾರ ಅವರಿಗಿಲ್ಲ. ಮೊದಲು ರಾಯಭಾರ ಕಚೇರಿಗೆ ಇಮೇಲ್ ಬರೆಯಿರಿ. ಪ್ರವಾಸದ ಮಾರ್ಗ, ಊರು ಬಿಟ್ಟ ತಾರೀಕು, ಈಗಿರುವ ದೇಶದಲ್ಲಿ ಎಷ್ಟು ದಿನದ ಅನುಮತಿ ಇದೆ, ಭಾರತಕ್ಕೆ ವಾಪಸು ಯಾವಾಗ, ಇಷ್ಟನ್ನು ಹತ್ತು ಸಾಲಿನಲ್ಲಿ ಹೇಳಿ. ಒಪ್ಪಿದರೆ ಆ ಉತ್ತರದ ಪ್ರಿಂಟ್ ಹಿಡಿದು ಕೇಂದ್ರಕ್ಕೆ ಹೋಗಿ. ಉಳಿದದ್ದೆಲ್ಲ ಮಾಮೂಲಿ: ದೊಡ್ಡವರಿಗೆ 90 ಯೂರೋ ಶುಲ್ಕ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45, ಜೊತೆಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ. ಬೆರಳಚ್ಚು ಒಮ್ಮೆ ಕೊಟ್ಟರೆ 59 ತಿಂಗಳು ಮತ್ತೆ ಬಳಸುತ್ತಾರೆ.

ಶೆಂಗೆನ್ ಅಥವಾ ಅಮೆರಿಕ ವೀಸಾ ಒಂದಿದ್ರೆ ಅದರ ಮೇಲೆ ಬೇರೆ ದೇಶಕ್ಕೂ ಹೋಗ್ಬಹುದು ಅಂತಾರಲ್ಲ?

ಹೌದು, ದಾರಿಯಲ್ಲಿ ಮಾರ್ಗ ಬದಲಿಸುವವರಿಗೆ ಇದು ವರ. ಚಾಲ್ತಿಯಲ್ಲಿರುವ ಶೆಂಗೆನ್, ಅಮೆರಿಕ, ಬ್ರಿಟನ್ ಅಥವಾ ಐರ್ಲೆಂಡ್ ವೀಸಾ ಇದ್ದರೆ ಟರ್ಕಿಯ ಇ-ವೀಸಾ ಆನ್‌ಲೈನಿನಲ್ಲೇ ಸಿಗುತ್ತದೆ, ಇಲ್ಲದಿದ್ದರೆ ಸ್ಟಿಕ್ಕರಿಗೆ ಓಡಾಡಬೇಕು. ಆದರೆ ಆಧಾರವಾಗಿ ತೋರಿಸುವ ವೀಸಾ ಸ್ವತಃ ಇ-ವೀಸಾ ಆಗಿರಬಾರದು. ಜಾರ್ಜಿಯಾ ಕೂಡ ಇಂಥ ವೀಸಾ ಇರುವವರನ್ನು ಬಿಡುತ್ತದೆ. ಅಮೆರಿಕ ವೀಸಾ ಇದ್ದರೆ ಯುಎಇಯಲ್ಲಿ 14 ದಿನದ ವೀಸಾ ಆನ್ ಅರೈವಲ್. ವಿಮಾನ ಕಂಪನಿಯ ಚೆಕ್-ಇನ್ ಸಿಬ್ಬಂದಿಗೆ ಈ ನಿಯಮಗಳೆಲ್ಲ ಬಾಯಲ್ಲಿ ಇರುವುದಿಲ್ಲ. ಆ ದೇಶದ ಸರ್ಕಾರಿ ಪುಟದ ಪ್ರಿಂಟ್ ಕೈಯಲ್ಲಿರಲಿ.

ಯುರೋಪಿನ ನಡುವೆ ನಾಲ್ಕು ದಿನ ಲಂಡನ್ನಿಗೆ ಹೋಗಿ ಬಂದ್ರೆ ಶೆಂಗೆನ್ ವೀಸಾ ಉಳಿಯತ್ತಾ?

ಒಂದು ಪ್ರವೇಶದ್ದಾದರೆ ಉಳಿಯುವುದಿಲ್ಲ. ಹೊರಗೆ ಕಾಲಿಟ್ಟ ಕ್ಷಣ ಮುಗಿಯಿತು, ಉಳಿದ ದಿನ ಎಷ್ಟಿದ್ದರೂ ಅಷ್ಟೇ. ಅರ್ಜಿ ಹಾಕುವಾಗಲೇ ಹಲವು ಪ್ರವೇಶ ಕೇಳಿ, ಲಂಡನ್ನಿನ ಟಿಕೆಟ್ ತೋರಿಸಿ. ದಿನಗಳ ಲೆಕ್ಕ ಯಾವುದೇ 180 ದಿನದಲ್ಲಿ 90, ಆ ಮಿತಿಯೊಳಗೆ ವೀಸಾದಲ್ಲಿ ಎಷ್ಟು ಬರೆದಿದೆಯೋ ಅಷ್ಟು. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಕಂಪ್ಯೂಟರಿನಲ್ಲೇ ಪ್ರವೇಶ ನಿರ್ಗಮನ ದಾಖಲಿಸುವ ವ್ಯವಸ್ಥೆ ಶುರುವಾಗಿದೆ. ಮಸುಕಾದ ಮುದ್ರೆ ಅಂತ ತಪ್ಪಿಸಿಕೊಳ್ಳುವ ಕಾಲ ಹೋಯಿತು.

ಒಂದ್ಸಲ ತಿರಸ್ಕಾರ ಆಗಿದೆ. ಬೇರೆ ದೇಶದ ಫಾರ್ಮಿನಲ್ಲಿ ಅದನ್ನು ಹೇಳ್ಲೇಬೇಕಾ?

ಕೇಳಿದ್ದರೆ ಹೇಳಲೇಬೇಕು. ಬ್ರಿಟನ್ ಫಾರ್ಮಿನಲ್ಲಿ ಯಾವುದೇ ದೇಶ ನಿರಾಕರಿಸಿದೆಯೇ ಅಂತ ನೇರವಾಗಿ ಕೇಳುತ್ತಾರೆ, ಮುಚ್ಚಿಟ್ಟದ್ದು ವಂಚನೆ ಅಂತ ಆದರೆ 10 ವರ್ಷ ನಿಷೇಧ ಬೀಳಬಹುದು. ಶೆಂಗೆನ್ ನಿರಾಕರಣೆ ಅವರ ಸಾಮಾನ್ಯ ದತ್ತಾಂಶದಲ್ಲಿ 5 ವರ್ಷ ಇರುತ್ತದೆ. ಜರ್ಮನಿ ಇಲ್ಲ ಅಂದಿತು ಅಂತ ಇಟಲಿಗೆ ಹೋದರೆ ಅವರ ಪರದೆಯ ಮೇಲೂ ಅದೇ ಕಾಣುತ್ತದೆ. ನಿರಾಕರಣೆ ಪತ್ರದಲ್ಲಿ ಯಾವ ಕಾರಣಕ್ಕೆ ಗುರುತು ಹಾಕಿದ್ದಾರೆ ನೋಡಿ, ಅದನ್ನು ಸರಿಪಡಿಸಿದ ಮೇಲೆ ಊರಿಂದಲೇ ಹಾಕಿ. ತಿರಸ್ಕಾರ ಆದ ಮೇಲೆ ದಾರಿಯಲ್ಲಿ ಮತ್ತೆ ಹಾಕುವುದು ನನಗಂತೂ ಸರಿ ಕಾಣುವುದಿಲ್ಲ. ಅದೇ ಹಳೆ ಕಾಗದ, ಜೊತೆಗೆ ವಾಸವೂ ಇಲ್ಲದ ಊರು.

ತಮ್ಮ ಶಿಪ್ಪಿನಲ್ಲಿದ್ದಾನೆ. ಸೈನ್ ಆಫ್ (ಹಡಗಿನ ಕೆಲಸದ ಅವಧಿ ಮುಗಿದು ಇಳಿಯುವುದು) ಆದ ಮೇಲೆ ಅಲ್ಲೇ ನಾಲ್ಕು ದಿನ ತಿರುಗಿ ಬರಬಹುದಾ?

ಕಾರವಾರ, ಅಂಕೋಲಾ ಕಡೆಯ ಹುಡುಗರ ಮನೆಯವರು ಕೇಳುವುದು. ಸಿಡಿಸಿ ಪುಸ್ತಕ, ಅಂದರೆ ಹಡಗಿನ ಕೆಲಸಗಾರರ ಸೇವಾ ದಾಖಲೆ, ಪ್ರವಾಸಿ ವೀಸಾ ಅಲ್ಲ. ಸೈನ್ ಆಫ್‌ಗೆ ಕೊಡುವ ಅನುಮತಿ ಹಡಗಿನಿಂದ ವಿಮಾನ ನಿಲ್ದಾಣಕ್ಕೆ ಹೋಗಿ ಮನೆಗೆ ಹೊರಡುವುದಕ್ಕೆ. ಅಮೆರಿಕದಲ್ಲಿ ಸಿಬ್ಬಂದಿಗೆ ದಡಕ್ಕಿಳಿಯಲು ಹೆಚ್ಚೆಂದರೆ 29 ದಿನ ಅನುಮತಿ, ಅದೂ ಹಡಗು ಬಂದರಿನಲ್ಲಿರುವ ತನಕ. ಅದನ್ನು ಅಲ್ಲೇ ಪ್ರವಾಸಿ ಸ್ಥಾನಮಾನಕ್ಕೆ ಬದಲಿಸಲು ಆಗುವುದಿಲ್ಲ. ತಿರುಗಲೇಬೇಕು ಅಂತಿದ್ದರೆ ಹಡಗು ಹತ್ತುವ ಮೊದಲೇ ಬೇರೆ ಪ್ರವಾಸಿ ವೀಸಾ ಇರಬೇಕು, ಕಂಪನಿಯ ಏಜೆಂಟರಿಗೆ ಮೊದಲೇ ತಿಳಿಸಿ ಒಪ್ಪಿಗೆಯನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಬೇಕು. ಟಿಕೆಟ್ ಅವರೇ ಮಾಡುವುದಲ್ವಾ.

ಕೀನ್ಯಾದಲ್ಲಿದ್ದೇನೆ. ಉಗಾಂಡಾ, ರುವಾಂಡಾಕ್ಕೂ ಹೋಗೋಣ ಅಂತ. ಇಲ್ಲಿಂದ ಆಗತ್ತಾ?

ಆಗುತ್ತದೆ. ಮೂರೂ ದೇಶಕ್ಕೆ ಸೇರಿ ಪೂರ್ವ ಆಫ್ರಿಕಾ ಪ್ರವಾಸಿ ವೀಸಾ ಇದೆ, 100 ಡಾಲರ್, 90 ದಿನ. ಆದರೆ ಅದನ್ನು ಕೊಟ್ಟ ದೇಶಕ್ಕೇ ಮೊದಲು ಕಾಲಿಡಬೇಕು. ಆಗಲೇ ಕೀನ್ಯಾದ ಬರೀ ಇಟಿಎ ಮೇಲೆ ಒಳಗಿದ್ದರೆ ಉಗಾಂಡಾದಿಂದ ಪಡೆದು ಅಲ್ಲಿಗೆ ಮೊದಲು ಹೋಗಿ.

ಇಲ್ಲಿ ವೀಸಾಕ್ಕಿಂತ ಹಳದಿ ಜ್ವರದ ಲಸಿಕೆ ಮುಖ್ಯ. ಉಗಾಂಡಾ ಪ್ರವೇಶಕ್ಕೆ ಅದರ ಪ್ರಮಾಣಪತ್ರ ಕೇಳುತ್ತದೆ. ಈ ದೇಶಗಳಿಂದ ವಾಪಸು ಬಂದಾಗ ಭಾರತವೂ ಕೇಳುತ್ತದೆ, ಇಲ್ಲದಿದ್ದರೆ ವಿಮಾನ ನಿಲ್ದಾಣದಿಂದ ಮನೆಗಲ್ಲ, 6 ದಿನದವರೆಗೆ ಕ್ವಾರಂಟೈನಿಗೆ. ಲಸಿಕೆ ಹಾಕಿಸಿದ 10 ದಿನದ ಮೇಲೆಯೇ ಪ್ರಮಾಣಪತ್ರಕ್ಕೆ ಬೆಲೆ. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು.

ಅರ್ಜಿ ನಡೀತಾ ಇರುವಾಗಲೇ ಪಾಸ್‌ಪೋರ್ಟ್ ಕಳೆದುಹೋದ್ರೆ?

ಮೊದಲು ಪೊಲೀಸ್ ದೂರು, ಆಮೇಲೆ ಭಾರತದ ರಾಯಭಾರ ಕಚೇರಿ. ಅಲ್ಲಿ ಎರಡು ಆಯ್ಕೆ ಇರುತ್ತದೆ. ತುರ್ತು ಪ್ರಮಾಣಪತ್ರ ಬೇಗ ಸಿಗುತ್ತದೆ, ಆದರೆ ಅದು ಭಾರತಕ್ಕೆ ವಾಪಸು ಬರಲು ಮಾತ್ರ. ಅದರ ಮೇಲೆ ಮುಂದಿನ ದೇಶದ ಕನಸು ಬೇಡ. ಪ್ರವಾಸ ಮುಂದುವರಿಸಬೇಕಾದರೆ ಹೊಸ ಪಾಸ್‌ಪೋರ್ಟಿಗೇ ಅರ್ಜಿ ಹಾಕಬೇಕು, ಪೊಲೀಸ್ ಪರಿಶೀಲನೆ ಊರಿನ ಠಾಣೆಯಿಂದ ಆಗಬೇಕಾದರೆ ವಾರಗಳೇ ಹಿಡಿಯಬಹುದು. ಹೊಸ ಪಾಸ್‌ಪೋರ್ಟ್ ಬಂದ ಮೇಲೆ ಈಗಿರುವ ದೇಶದ ವಲಸೆ ಕಚೇರಿಗೆ ಹೋಗಿ ಪ್ರವೇಶದ ದಾಖಲೆಯನ್ನು ಅದಕ್ಕೆ ವರ್ಗಾಯಿಸಿಕೊಳ್ಳಿ, ಇಲ್ಲದಿದ್ದರೆ ಹೊರಡುವಾಗ ತಡೆಯುತ್ತಾರೆ. ಕಳೆದ ಪಾಸ್‌ಪೋರ್ಟ್ ಸಂಖ್ಯೆಗೆ ಕೊಟ್ಟ ಇ-ವೀಸಾಗಳೂ ಹೋದವು, ಎಲ್ಲಕ್ಕೂ ಹೊಸ ಸಂಖ್ಯೆಯಲ್ಲಿ ಮತ್ತೆ ಅರ್ಜಿ, ಮತ್ತೆ ಶುಲ್ಕ.